ಓದುವ ಸರದಿ ಬರುವ ಮುಂಚೆ: ಎಂಟನೇ ಕ್ಲಾಸಿನ ಒಬ್ಬ ಹುಡುಗನ ಪ್ರಕರಣ

ಇದು ಅಡಿಕೆ ಸೀಮೆಯ ಒಂದು ಸರ್ಕಾರಿ ಪ್ರೌಢಶಾಲೆಯ ಪ್ರಕರಣ. ನಾನು ಅಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಊರಿನದಾಗಲಿ ಜನರದಾಗಲಿ ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ. ಹುಡುಗನನ್ನು ಹುಡುಗ ಅಂತಲೇ ಬರೆಯುತ್ತೇನೆ. ಅವನ ಕ್ಲಾಸ್ ಟೀಚರ್ ಕನ್ನಡ ಕಲಿಸುವವರು, ಶಾಲೆಯಲ್ಲಿ ಕರೆಯುವ ಹಾಗೆ ಇಲ್ಲೂ ಅವರು ಕನ್ನಡ ಮೇಡಂ. ಬರೆಯುವ ಮೊದಲು ಅವರನ್ನೂ ಹುಡುಗನ ತಾಯಿಯನ್ನೂ ಕೇಳಿದೆ. ತಾಯಿ ಹೇಳಿದ್ದು ಇಷ್ಟು: "ಹೆಸರೊಂದು ಹಾಕ್ಬೇಡಿ ಸಾರ್, ಮಿಕ್ಕಿದ್ದು ಏನಾದ್ರೂ ಬರೀರಿ."

ಹಿನ್ನೆಲೆ

ಹುಡುಗ 2024ರ ಜೂನ್‌ನಲ್ಲಿ ನಮ್ಮ ಶಾಲೆಗೆ ಎಂಟನೇ ಕ್ಲಾಸಿಗೆ ಸೇರಿದ. ಅಪ್ಪ ಬೆಂಗಳೂರಿನಲ್ಲಿ ಕಟ್ಟಡದ ಕೆಲಸಕ್ಕೆ ಇರುತ್ತಾರೆ, ಊರಿಗೆ ಬರುವುದು ಹಬ್ಬಕ್ಕೆ. ಅಮ್ಮ ಕೂಲಿಗೆ ಹೋಗುತ್ತಾರೆ. ಅಡಿಕೆ ಕೊಯ್ಲು ಶುರುವಾದರೆ ರಾತ್ರಿ ಸುಲಿಯುವ ಕೆಲಸ ಇರುತ್ತದೆ. ಸುಲಿದಷ್ಟಕ್ಕೆ ಕೂಲಿ. ಮನೆಯಲ್ಲಿ ಬೇರೆ ಯಾರೂ ಇಲ್ಲ, ಹಾಗಾಗಿ ಅವನೂ ಅಮ್ಮನ ಜೊತೆ ಹೋಗಿ ಅಡಿಕೆ ಸುಲಿಯುವ ಮೆಟ್ಟುಗತ್ತಿ ಮುಂದೆ ಕೂರುತ್ತಾನೆ. ಬೆಳಗ್ಗೆ ಮೊದಲ ಪೀರಿಯಡ್‌ನಲ್ಲಿ ಅವನಿಗೆ ಯಾಕೆ ನಿದ್ದೆ ಅಂತ ನಮಗೆ ಗೊತ್ತಾಗಿದ್ದು ಬಹಳ ತಡವಾಗಿ.

ಇನ್ನೊಂದು ಲೆಕ್ಕ ಹಾಕಿ ನೋಡಿ. 2020ರ ಮಾರ್ಚ್‌ನಲ್ಲಿ ಕೊರೋನಾಕ್ಕೆ ಶಾಲೆ ಮುಚ್ಚಿದಾಗ ಈ ಹುಡುಗ ಮೂರನೇ ಕ್ಲಾಸ್. ನಮ್ಮಲ್ಲಿ ಒಂದರಿಂದ ಐದನೇ ಕ್ಲಾಸಿನವರೆಗೆ ಮತ್ತೆ ಬಾಗಿಲು ತೆರೆದಿದ್ದು 2021ರ ಅಕ್ಟೋಬರ್ 25ಕ್ಕೆ. ಅಂದರೆ ಮೂರನೇ ಕ್ಲಾಸಿನವರೆಗೆ ಆಟದ ಜೊತೆ ಕಲಿಸುವ ನಲಿ-ಕಲಿ ಕಾರ್ಡು ಬಿಟ್ಟು ಪಠ್ಯಪುಸ್ತಕ ಹಿಡಿದು ಓದುವ ನಾಲ್ಕನೇ ಕ್ಲಾಸು ಅವನಿಗೆ ಇರಲೇ ಇಲ್ಲ. ನಡುವೆ ಶಿಕ್ಷಕರೇ ಮಕ್ಕಳಿದ್ದಲ್ಲಿಗೆ ಹೋಗಿ ಕಲಿಸುವ ವಿದ್ಯಾಗಮ ಯೋಜನೆಯಲ್ಲಿ ಜಗಲಿ ಮೇಲೆ ಕೂರಿಸಿಕೊಂಡು ಕೆಲವು ವಾರ ಪಾಠ ಆಯಿತು, ಅದೂ ನಿಂತಿತು. ಮನೆಯಲ್ಲಿ ಸ್ಮಾರ್ಟ್‌ಫೋನ್ ಇರಲಿಲ್ಲ. ಒತ್ತಕ್ಷರ ಮಕ್ಕಳ ನಾಲಿಗೆಗೆ ಕೂರುವುದು ಆ ವಯಸ್ಸಿನಲ್ಲಿ ದಿನಾ ಓದಿ ಓದಿಯೇ. ಆ ದಿನಗಳಲ್ಲಿ ಅವನು ಶಾಲೆಯ ಹೊರಗಿದ್ದ. ಆಮೇಲೆ ಐದು, ಆರು, ಏಳು ಅಂತ ಪಾಸಾಗುತ್ತಾ ನಮ್ಮ ಬೆಂಚಿಗೆ ಬಂದ.

ಸಮಸ್ಯೆ ಅಂತ ನಮಗೆ ಕಂಡಿದ್ದು

ನಮಗೆ ಕಂಡಿದ್ದು ಬರೀ ಗಲಾಟೆ. ಬೆಂಚು ಗುದ್ದುವುದು, ಮುಂದಿನವನ ಬ್ಯಾಗ್ ಎಳೆಯುವುದು, ಪಾಠದ ಮಧ್ಯೆ ಪ್ರಾಣಿಯ ಸದ್ದು ಮಾಡುವುದು. ಕೇಳಿದರೆ ಎದುರು ಮಾತು. ಜುಲೈ ಮುಗಿಯುವಷ್ಟರಲ್ಲಿ ಸ್ಟಾಫ್ ರೂಮಿನಲ್ಲಿ ಅವನ ಹೆಸರು ದಿನಾ ಬರುತ್ತಿತ್ತು. ಸೆಕ್ಷನ್‌ನಲ್ಲಿ 46 ಮಕ್ಕಳು. ಒಬ್ಬ ಹತ್ತು ನಿಮಿಷ ಹಾಳು ಮಾಡಿದರೆ ಉಳಿದ 45 ಜನರದ್ದೂ ಹತ್ತು ನಿಮಿಷ ಹೋಗುತ್ತದೆ. ಇದನ್ನು ಸಣ್ಣ ಮಾತು ಅಂತ ಯಾರೂ ತಳ್ಳಿಹಾಕಬಾರದು.

ಮೊದಲು ಮಾಡಿದ್ದೆಲ್ಲಾ ಎಲ್ಲ ಶಾಲೆಗಳಲ್ಲೂ ಮಾಡುವುದೇ. ಗೋಡೆ ಪಕ್ಕದ ಬೆಂಚಿಗೆ ಒಬ್ಬನನ್ನೇ ಕೂರಿಸಿದ್ದು, ಬಾಗಿಲ ಹೊರಗೆ ನಿಲ್ಲಿಸಿದ್ದು, ಅಮ್ಮನನ್ನು ಕರೆಸಿದ್ದು. ಅಮ್ಮ ಅರ್ಧ ದಿನದ ಕೂಲಿ ಬಿಟ್ಟು ಬಂದು ಎಲ್ಲರ ಮುಂದೆ ಮಗನಿಗೆ ಬೈದು, ಅತ್ತು ಹೋದರು. ಯಾರೂ ಹೊಡೆಯಲಿಲ್ಲ, ಅದನ್ನು ಹೆಡ್ ಮಾಸ್ಟರ್ ಮೊದಲಿನಿಂದಲೂ ಗಟ್ಟಿಯಾಗಿ ಹೇಳಿದ್ದರು. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ದೈಹಿಕ ಶಿಕ್ಷೆಯ ಜೊತೆಗೆ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಬಾಗಿಲ ಹೊರಗೆ ದಿನಾ ನಿಲ್ಲಿಸುವುದು ಯಾವ ಲೆಕ್ಕಕ್ಕೆ ಬರುತ್ತದೆ ಅನ್ನುವ ಪ್ರಶ್ನೆ ಆಗ ಯಾರ ಬಾಯಲ್ಲೂ ಬರಲಿಲ್ಲ.

ಒಂದು ದಿನ ಅವನಿಗೆ ಇಂಪೊಸಿಷನ್ ಕೊಟ್ಟರು. "ನಾನು ಇನ್ನು ಮುಂದೆ ಶಿಸ್ತಿನಿಂದ ಇರುತ್ತೇನೆ" ಅಂತ ನೂರು ಸಲ.

ಇಂಪೊಸಿಷನ್ ಹಾಳೆ

ಈ ಪ್ರಕರಣದ ದೊಡ್ಡ ತಿರುವು ಆ ಹಾಳೆಯಲ್ಲಿತ್ತು. ಸಾಮಾನ್ಯವಾಗಿ ಇಂಪೊಸಿಷನ್ ಯಾರೂ ಓದುವುದಿಲ್ಲ, ಸಾಲು ಎಣಿಸಿ ಗೀಟು ಹಾಕುತ್ತೇವೆ. ಕನ್ನಡ ಮೇಡಂ ಓದಿದರು. ಅಕ್ಷರ ದುಂಡಾಗಿತ್ತು, ಮುದ್ದಾಗಿತ್ತು. ಮೊದಲ ಕೆಲವು ಸಾಲು ಸರಿ. ಮುಂದೆ ಒಂದು ಸಾಲಿನಲ್ಲಿ ತ ಒತ್ತು ಒಂದು ಅಕ್ಷರ ಮುಂದೆ ಜರುಗಿತ್ತು. "ಶಿಸ್ತಿನಿಂದ" ಹೋಗಿ "ಶಿಸಿನ್ತಿಂದ" ಆಗಿತ್ತು. ಅಲ್ಲಿಂದ ಕೊನೆಯ ಸಾಲಿನವರೆಗೂ "ಶಿಸಿನ್ತಿಂದ". ಓದು ಬರುವ ಮಗು ಅವಸರದಲ್ಲಿ ಒಂದು ಕಡೆ ತಪ್ಪು ಬರೆದರೆ ಮುಂದಿನ ಸಾಲಿನಲ್ಲಿ ತಾನಾಗೇ ಸರಿಯಾಗುತ್ತದೆ. ಇವನು ಪ್ರತಿ ಸಾಲನ್ನೂ ಮೇಲಿನ ಸಾಲು ನೋಡಿ ಚಿತ್ರದ ಹಾಗೆ ಇಳಿಸಿದ್ದ. ಏನು ಬರೆದೆ ಅನ್ನುವುದು ಅವನಿಗೆ ಗೊತ್ತಿರಲಿಲ್ಲ.

ಮೇಡಂ ಆ ಹಾಳೆಯನ್ನು ಸ್ಟಾಫ್ ರೂಮಿಗೆ ತಂದು ತೋರಿಸಿದರು. ಆಮೇಲೆ ಇನ್ನೊಂದು ಕೆಲಸ ಶುರು ಮಾಡಿದರು. ಗಲಾಟೆ ಆದಾಗಲೆಲ್ಲಾ ಏನು ಮಾಡಿದ ಅಂತ ಬರೆಯುವ ಬದಲು, ಅದಕ್ಕೆ ಸ್ವಲ್ಪ ಮೊದಲು ಕ್ಲಾಸಿನಲ್ಲಿ ಏನು ನಡೀತಿತ್ತು ಅಂತ ಡೈರಿಯಲ್ಲಿ ಗುರುತು ಹಾಕಿದರು. ನಮ್ಮನ್ನೂ ಹಾಗೇ ಗಮನಿಸಲು ಕೇಳಿದರು. ಎರಡು ವಾರದಲ್ಲಿ ವಿಷಯ ಕಣ್ಣಿಗೆ ಹೊಡೆಯುವಂತಿತ್ತು. ಸಾಲಾಗಿ ಎದ್ದು ಓದಿಸುವಾಗ, ಸರದಿ ಅವನ ಬೆಂಚಿಗೆ ಬರಲು ಇನ್ನು ಇಬ್ಬರೋ ಮೂವರೋ ಇದ್ದಾರೆ ಅನ್ನುವಾಗ ಗಲಾಟೆ ಶುರು. ಹೊರಗೆ ಕಳಿಸುತ್ತಿದ್ದರು. ಸರದಿ ಅವನನ್ನು ದಾಟಿ ಹೋಗುತ್ತಿತ್ತು. ಗಣಿತದಲ್ಲಿ ಗಲಾಟೆ ಕಡಿಮೆ, ಅದೂ ಓದಿಕೊಂಡು ಬಿಡಿಸಬೇಕಾದ ಮಾತಿನ ಲೆಕ್ಕ ಬಂದ ದಿನ ಮಾತ್ರ. ಬಾಯಿ ಲೆಕ್ಕದಲ್ಲಿ ಅವನು ಎಲ್ಲರಿಗಿಂತ ಮುಂದೆ ಅಂತ ಗಣಿತದ ಸರ್ ಆಗಲೇ ಹೇಳಿದ್ದರು. ಸುಲಿದ ಅಡಿಕೆಗೆ ಎಷ್ಟು ಕೂಲಿ ಬರಬೇಕು ಅಂತ ಅಮ್ಮನಿಗೆ ಲೆಕ್ಕ ಹಾಕಿ ಕೊಡುತ್ತಿದ್ದವನು ಅವನೇ.

ಓದಲು ಬಾರದವನು ಅಂತ 45 ಜನರಿಗೆ ಗೊತ್ತಾಗುವುದಕ್ಕಿಂತ ಪೋಕರಿ ಅನಿಸಿಕೊಳ್ಳುವುದು ಅವನಿಗೆ ಮೇಲಾಗಿತ್ತು. ಹದಿಮೂರು ವರ್ಷದ ಹುಡುಗ ತನ್ನ ಮರ್ಯಾದೆ ಉಳಿಸಿಕೊಳ್ಳಲು ಕಂಡುಕೊಂಡ ದಾರಿ ಅದು. ನಾವು ಹೊರಗೆ ಕಳಿಸಿದಾಗಲೆಲ್ಲಾ ಆ ದಾರಿ ಗಟ್ಟಿಯಾಗುತ್ತಿತ್ತು. ನಮ್ಮ ಶಿಕ್ಷೆಯೇ ಅವನಿಗೆ ಬೇಕಾದದ್ದಾಗಿತ್ತು.

ಮೇಡಂ ಒಂದು ಮಧ್ಯಾಹ್ನ ಅವನನ್ನು ಲೈಬ್ರರಿ ಕೋಣೆಯಲ್ಲಿ ಕೂರಿಸಿಕೊಂಡು, ಬಾಗಿಲು ತೆರೆದಿಟ್ಟು, ಸಣ್ಣ ಕಥೆ ಪುಸ್ತಕ ಕೊಟ್ಟರು. ಮನೆ, ಮರ, ಹಸು, ಬಾವಿ ಇಂಥವನ್ನೆಲ್ಲಾ ಓದಿದ. "ಅಕ್ಕ" ಬಂತು. "ಕಷ್ಟ" ಅನ್ನುವಲ್ಲಿ ನಿಂತ. ಪುಸ್ತಕ ಮುಚ್ಚಿಟ್ಟ. ಆಮೇಲೆ ನೆಲ ನೋಡಿಕೊಂಡು ಹೇಳಿದ: "ಮೇಡಂ, ಕ್ಲಾಸಲ್ಲಿ ಮಾತ್ರ ಓದಿಸ್ಬೇಡಿ."

ಮೊದಲ ಒಪ್ಪಂದ, ಅದು ಮುರಿದ ದಿನ

ಮೇಡಂ ಒಪ್ಪಿಕೊಂಡರು. ಕೇಳದೆ ಎದ್ದು ಓದಿಸುವುದಿಲ್ಲ. ಅವನೂ ಒಂದು ಮಾತು ಕೊಡಬೇಕು: ತಡೆಯಲಾಗಲ್ಲ ಅನಿಸಿದರೆ ನೀರು ಕುಡಿದು ಬರ್ತೀನಿ ಅಂತ ಹೇಳಿ ಎದ್ದು ಹೋಗಬೇಕು, ಬೆಂಚು ಗುದ್ದಬಾರದು. ನಮಗೆಲ್ಲ ವಿಷಯ ತಿಳಿಸಿದರು. ಆಗಸ್ಟ್, ಸೆಪ್ಟೆಂಬರ್ ಸುಮಾರಾಗಿ ಶಾಂತವಾಗಿಯೇ ಹೋಯಿತು.

ಆದರೆ ಓದು ಕಲಿಸುವುದಕ್ಕೆ ಸಮಯ ಎಲ್ಲಿ ಅನ್ನುವುದು ಹಾಗೇ ಉಳಿಯಿತು. ಬೆಳಗ್ಗೆ ಅವನು ತಡವಾಗಿ ಬರುತ್ತಾನೆ, ಸಂಜೆಯ ಸ್ಪೆಷಲ್ ಕ್ಲಾಸು ಹತ್ತನೆಯವರಿಗೆ ಮೀಸಲು. ಅಂದರೆ ಗಲಾಟೆ ನಿಂತಿತು, ಕಲಿಕೆ ಶುರುವಾಗಲಿಲ್ಲ. ನನ್ನ ಪ್ರಕಾರ ಈ ಪ್ರಕರಣದಲ್ಲಿ ಎಲ್ಲಕ್ಕಿಂತ ಅಪಾಯದ ಹೊತ್ತು ಅದೇ. ಕ್ಲಾಸು ಶಾಂತವಾದ ಕೂಡಲೇ ಎಲ್ಲರಿಗೂ ಸಮಸ್ಯೆ ಮುಗಿಯಿತು ಅನಿಸುತ್ತದೆ. ಮುಗಿದಿದ್ದು ನಮ್ಮ ಸಮಸ್ಯೆ, ಅವನದ್ದು ಹಾಗೇ ಇತ್ತು.

ದಸರಾ ರಜೆ ಮುಗಿದ ಮೇಲೆ ಇಂಗ್ಲಿಷ್ ಮೇಷ್ಟ್ರು ವರ್ಗವಾಗಿ ಹೋದರು. ಆ ಜಾಗಕ್ಕೆ ಅತಿಥಿ ಶಿಕ್ಷಕರೊಬ್ಬರು ಬಂದರು. ಚಿಕ್ಕ ವಯಸ್ಸು, ಒಳ್ಳೆಯ ಮನುಷ್ಯ, ಪಾಠದಲ್ಲಿ ಉತ್ಸಾಹ. ಒಪ್ಪಂದದ ವಿಷಯ ಅವರಿಗೆ ಯಾರೂ ಹೇಳಿರಲಿಲ್ಲ, ಎಲ್ಲೂ ಬರೆದಿಟ್ಟಿರಲೂ ಇಲ್ಲ. ನವೆಂಬರ್‌ನಲ್ಲಿ ಒಂದು ದಿನ ಅವರು ಸಾಲಾಗಿ ಇಂಗ್ಲಿಷ್ ಪಾಠ ಓದಿಸಿದರು. ಹುಡುಗ ನೀರಿಗೆ ಹೋಗ್ತೀನಿ ಅಂದ. ಓದಿ ಆಮೇಲೆ ಹೋಗು ಅಂದರು. ಸುಮ್ಮನೆ ನಿಂತ. "ಎಂಟನೇ ಕ್ಲಾಸಿಗೆ ಬಂದು ಇಷ್ಟೂ ಬರಲ್ವಾ?" ಅಂದರು. ಪಕ್ಕದ ಸಾಲಿನ ಹುಡುಗ ಜೋರಾಗಿ ನಕ್ಕ. ಹಿಂದಿನ ಪೀರಿಯಡ್ ಗಣಿತ, ಬೆಂಚಿನ ಮೇಲೆ ಜಾಮೆಟ್ರಿ ಬಾಕ್ಸ್ ತೆರೆದೇ ಇತ್ತು. ಕೈವಾರ ಎತ್ತಿ ಎಸೆದ. ನಕ್ಕವನ ಹುಬ್ಬಿನ ಮೇಲೆ ಸೀಳಿತು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹೊಲಿಗೆ ಹಾಕಿದರು. ಸ್ವಲ್ಪ ಕೆಳಗೆ ಬಿದ್ದಿದ್ದರೆ ಕಣ್ಣು ಹೋಗುತ್ತಿತ್ತು.

ಟಿಸಿ ಕೊಡಬೇಕಾ?

ಮರುದಿನ ಗಾಯವಾದ ಹುಡುಗನ ತಂದೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸದಸ್ಯರೊಬ್ಬರ ಜೊತೆ ಬಂದರು. ಅವನಿಗೆ ಟಿಸಿ ಕೊಟ್ಟು ಕಳಿಸಿ ಅಂದರು. ಅವರ ಸಿಟ್ಟು ನ್ಯಾಯವಾದದ್ದೇ. ಮಗನನ್ನು ಶಾಲೆಗೆ ಕಳಿಸಿದ ತಂದೆ ಮಗ ಹಾಗೇ ಕ್ಷೇಮವಾಗಿ ಮನೆಗೆ ಬರಬೇಕು ಅಂತ ಬಯಸುವುದರಲ್ಲಿ ತಪ್ಪೇನಿದೆ?

ಸಂಜೆ ಸ್ಟಾಫ್ ಮೀಟಿಂಗ್ ಆಯಿತು. ಕಾಯ್ದೆ ಪ್ರಕಾರ ಎಂಟನೇ ಕ್ಲಾಸು ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಗೆ ಹಾಕುವ ಹಾಗಿಲ್ಲ, ಅದು ಎಲ್ಲರಿಗೂ ಗೊತ್ತು. ಬೇರೆ ದಾರಿ ಇದೆ ಅನ್ನುವುದೂ ಎಲ್ಲರಿಗೂ ಗೊತ್ತು. ತಾಯಿಯನ್ನು ಕರೆಸಿ, ನಿಮ್ಮ ಮಗನಿಗೆ ಇಲ್ಲಿ ಕಷ್ಟ ಆಗ್ತಿದೆ ಅಂತ ಹೇಳಿ, ಅವರ ಕೈಯಿಂದಲೇ ಟಿಸಿಗೆ ಅರ್ಜಿ ಬರೆಸಿಕೊಳ್ಳುವುದು. ಕಡತದಲ್ಲಿ "ಪೋಷಕರ ಕೋರಿಕೆ ಮೇರೆಗೆ" ಅಂತ ಇರುತ್ತದೆ. ಆ ತಾಯಿ ಖಂಡಿತ ಹೆಬ್ಬೆಟ್ಟು ಒತ್ತುತ್ತಿದ್ದರು. ಹತ್ತಿರದ ಇನ್ನೊಂದು ಪ್ರೌಢಶಾಲೆ ಬಸ್ ದಾರಿ. ಅವನು ಅಲ್ಲಿಗೆ ಸೇರುತ್ತಿರಲಿಲ್ಲ, ಅಡಿಕೆ ಮಂಡಿಗೆ ಸೇರುತ್ತಿದ್ದ.

ಗಣಿತದ ಸರ್ ವಿರೋಧದ ಮಾತನ್ನು ಪೂರ್ತಿ ಬರೆಯಬೇಕು, ಯಾಕೆಂದರೆ ಅದರಲ್ಲಿ ತೂಕ ಇದೆ. "ಅವನಿಗೆ ಏನೂ ಮಾಡಬೇಡಿ ಅಂತ ನಾನು ಹೇಳ್ತಿಲ್ಲ. ಯಾರ ಸಮಯದಲ್ಲಿ ಮಾಡ್ತೀರಿ ಅಂತ ಕೇಳ್ತಿದೀನಿ. ಪ್ರೈಮರಿಯಲ್ಲಿ ಬಿಟ್ಟಿದ್ದನ್ನ ನಾವು ತುಂಬಬೇಕು, ಸಿಲಬಸ್ಸೂ ಮುಗಿಸಬೇಕು, ರಿಸಲ್ಟೂ ಕೊಡಬೇಕು." ರಿಸಲ್ಟಿನ ಮಾತು ಸುಮ್ನೆ ಬಂದದ್ದಲ್ಲ. 2024ರಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ವೆಬ್‌ಕಾಸ್ಟಿಂಗ್ (ಕ್ಯಾಮೆರಾದಲ್ಲಿ ಪರೀಕ್ಷಾ ಕೋಣೆ ನೋಡುವುದು) ಬಂತು, ಹಿಂದಿನ ವರ್ಷ ಶೇ 83.89 ಇದ್ದ ರಾಜ್ಯದ ಫಲಿತಾಂಶ ಶೇ 73.40ಕ್ಕೆ ಇಳಿಯಿತು. ಪ್ರತಿ ಶಾಲೆಗೂ ಯಾಕೆ ಕಡಿಮೆ ಆಯ್ತು ಅನ್ನುವ ಪ್ರಶ್ನೆ ಮೇಲಿಂದ ಬರುತ್ತಿತ್ತು.

ಕನ್ನಡ ಮೇಡಂ ಹೆಚ್ಚು ಮಾತಾಡಲಿಲ್ಲ. "ತಪ್ಪು ಯಾರದ್ದು ಅಂತ ಹುಡುಕ್ತಾ ಹೋದ್ರೆ ಕೊರೋನಾ ಸಿಗುತ್ತೆ. ಅದಕ್ಕೆ ಟಿಸಿ ಕೊಡೋಕಾಗುತ್ತಾ? ಹುಡುಗ ಈಗ ಕೂತಿರೋದು ನಮ್ಮ ಬೆಂಚಲ್ಲಿ." ಇಷ್ಟೇ ಹೇಳಿದ್ದು. ನನಗೆ ಈ ಮಾತು ಸರಿ ಅನಿಸಿತು, ಈಗಲೂ ಅನಿಸುತ್ತದೆ. ನಾವು ಕೆಡಿಸಿದ್ದಕ್ಕೆ ಮಾತ್ರ ನಮ್ಮ ಜವಾಬ್ದಾರಿ ಅಂತಾದರೆ ಶಿಕ್ಷಕರಿಗೆ ಮಾಡಲು ಬಹಳ ಕಡಿಮೆ ಕೆಲಸ ಇರುತ್ತದೆ. ಅದೇ ಕಾಯ್ದೆಯ 24ನೇ ಕಲಂ ಪ್ರತಿ ಮಗು ಎಷ್ಟು ಕಲಿಯಬಲ್ಲದು ಅಂತ ನೋಡಿ, ಬೇಕಾದರೆ ಹೆಚ್ಚುವರಿಯಾಗಿ ಕಲಿಸುವುದನ್ನು ಶಿಕ್ಷಕರ ಕರ್ತವ್ಯ ಅಂತಲೇ ಬರೆದಿದೆ. ಹಿಂದಿನವರು ಬಿಟ್ಟಿದ್ದನ್ನು ಬಿಟ್ಟು ಅಂತ ಅದರಲ್ಲಿ ಇಲ್ಲ.

ಹೆಡ್ ಮಾಸ್ಟರ್ ಮಾಡಿದ್ದು

ಟಿಸಿ ಇಲ್ಲ ಅಂತ ಹೆಡ್ ಮಾಸ್ಟರ್ ಅಂದೇ ಹೇಳಿದರು. ಆದರೆ ಅವರು ಮೊದಲು ಹೋಗಿದ್ದು ಗಾಯವಾದ ಹುಡುಗನ ಮನೆಗೆ. ಈ ಕ್ರಮ ತುಂಬಾ ಮುಖ್ಯ ಅಂತ ನಾನು ನಂಬುತ್ತೇನೆ. ತಪ್ಪು ಮಾಡಿದವನ ಬಗ್ಗೆ ಕರುಣೆ ತೋರಿಸುವ ಭರದಲ್ಲಿ ಪೆಟ್ಟು ತಿಂದ ಮಗುವನ್ನು ಮರೆತರೆ ಆ ಕರುಣೆಗೆ ಬೆಲೆಯಿಲ್ಲ. ಆ ಹುಡುಗನನ್ನೇ ನೇರವಾಗಿ ಕೇಳಿದರು, ಅದೇ ಸೆಕ್ಷನ್‌ನಲ್ಲಿ ಇರ್ತೀಯಾ, ಬೇರೆಗೆ ಹೋಗ್ತೀಯಾ ಅಂತ. ಬೇರೆ ಸೆಕ್ಷನ್ ಬೇಕು ಅಂದ. ಮಾರನೇ ದಿನವೇ ಬದಲಾಯಿತು. ನಮ್ಮ ಹುಡುಗ, ಅವನ ಅಮ್ಮ ಇಬ್ಬರನ್ನೂ ಕರೆದುಕೊಂಡು ಮತ್ತೊಮ್ಮೆ ಹೋದರು. ಹುಡುಗ ಕ್ಷಮೆ ಕೇಳಿದ. ಆ ತಂದೆ ಕೇಳಿಸಿಕೊಂಡರು, ಒಪ್ಪಿದೆ ಅಂತ ಹೇಳಲಿಲ್ಲ. ಆಸ್ಪತ್ರೆಗೆ ಓಡಾಡಿದ ಖರ್ಚನ್ನು ಹುಡುಗನ ಅಮ್ಮ ಕಂತಿನಲ್ಲಿ ಕೊಟ್ಟರು.

ಜಾಮೆಟ್ರಿ ಬಾಕ್ಸುಗಳು ಗಣಿತದ ಪೀರಿಯಡ್ ಮುಗಿದ ಮೇಲೆ ಬ್ಯಾಗಿನ ಒಳಗೆ, ಇದು ಎಲ್ಲರಿಗೂ. ಹುಡುಗ ಒಂದು ತಿಂಗಳು ಮುಂದಿನ ಬೆಂಚಿನಲ್ಲಿ, ಟೀಚರ್ ಕೈಗೆಟುಕುವಷ್ಟು ಹತ್ತಿರ. ಇವು ಸಣ್ಣ ವಿಷಯ. ದೊಡ್ಡ ಬದಲಾವಣೆ ಬೇರೆ ಇತ್ತು: ಸಾಲಾಗಿ ಎದ್ದು ಓದಿಸುವುದನ್ನೇ ಎಂಟನೇ ಕ್ಲಾಸಿನಲ್ಲಿ ನಿಲ್ಲಿಸಿದರು. ಬದಲಿಗೆ ಇಬ್ಬಿಬ್ಬರು ಜೊತೆಯಾಗಿ ಓದುವುದು, ಒಬ್ಬರು ಓದಿದ್ದನ್ನು ಇನ್ನೊಬ್ಬರು ಬಾಯಲ್ಲಿ ಹೇಳುವುದು. ಮೊದಲಿದ್ದ ಗುಟ್ಟಿನ ಒಪ್ಪಂದ ಅವನೊಬ್ಬನಿಗೆ ಮಾತ್ರ ಆಗಿತ್ತು, "ಅವನಿಗ್ಯಾಕೆ ಬಿಡ್ತೀರಿ" ಅಂತ ಉಳಿದವರು ಕೇಳುತ್ತಿದ್ದರು. ನಿಯಮ ಎಲ್ಲರಿಗೂ ಬದಲಾದಾಗ ಆ ಪ್ರಶ್ನೆಯೇ ಹೋಯಿತು. ಎದ್ದು ಓದಲು ಹೆದರುತ್ತಿದ್ದವರು ಇನ್ನೂ ಐದಾರು ಜನ ಇದ್ದರು ಅಂತ ಆಮೇಲೆ ಗೊತ್ತಾಯಿತು. ಅವರು ಗಲಾಟೆ ಮಾಡುತ್ತಿರಲಿಲ್ಲ, ಆ ದಿನ ರಜೆ ಹಾಕುತ್ತಿದ್ದರು.

ಸಮಯದ ಪ್ರಶ್ನೆಗೆ ಹೆಡ್ ಮಾಸ್ಟರೇ ಉತ್ತರ ಕೊಟ್ಟರು. ಬಿಸಿಯೂಟ ಮುಗಿದ ಮೇಲಿನ ಸಮಯ ನನ್ನದು, ಬೇರೆ ಯಾರ ಪೀರಿಯಡ್ಡೂ ಬೇಡ ಅಂದರು. ವಾರದಲ್ಲಿ ಎರಡು ದಿನ ಮೇಡಂ, ಉಳಿದ ದಿನ ಅವರು. ಹುಡುಗ ಒಂಟಿಯಾಗಬಾರದು ಅಂತ ಅದೇ ಕಷ್ಟ ಇದ್ದ ಇನ್ನಿಬ್ಬರನ್ನೂ ಸೇರಿಸಿಕೊಂಡರು. ಆಟದ ಪೀರಿಯಡ್ ಮುಟ್ಟಬೇಡಿ ಅಂತ ಪಿಇ ಸರ್ ಮೊದಲೇ ಹೇಳಿದ್ದರು, ಕಬಡ್ಡಿಯೊಂದೇ ಅವನನ್ನು ಶಾಲೆಗೆ ಎಳೆದು ತರುತ್ತಿದ್ದದ್ದು.

ಒತ್ತಕ್ಷರ

ಓದು ಕಲಿಸಿದ ರೀತಿಯನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇರೆಯವರಿಗೆ ಉಪಯೋಗ ಆಗಬಹುದು. ಎಂಟನೇ ಕ್ಲಾಸಿನ ಪುಸ್ತಕ ಬದಿಗಿಟ್ಟರು. ಒಂದನೇ ಕ್ಲಾಸಿನ ಪುಸ್ತಕವನ್ನೂ ಕೊಡಲಿಲ್ಲ, ಹದಿಮೂರು ವರ್ಷದವನ ಕೈಗೆ ಅದನ್ನು ಕೊಟ್ಟರೆ ಮತ್ತೆ ಅದೇ ಅವಮಾನ. ಪತ್ರಿಕೆಯ ಕಬಡ್ಡಿ ಸುದ್ದಿ, ಅಡಿಕೆ ಧಾರಣೆಯ ಪಟ್ಟಿ, ಬಸ್ ಬೋರ್ಡು ಇವೇ ಪಠ್ಯ. ಮೊದಲು ಸಜಾತಿ ಒತ್ತು, ಅಂದರೆ ಅದೇ ಅಕ್ಷರದ ಒತ್ತು: ಹತ್ತು, ಹಳ್ಳಿ, ಬೆಲ್ಲ. ಅದು ಬೇಗ ಬಂತು. ಆಮೇಲೆ ವಿಜಾತಿ, ಬೇರೆ ಅಕ್ಷರದ ಒತ್ತು: ರಸ್ತೆ, ಚಂದ್ರ, ಕಷ್ಟ. ಅದಕ್ಕೆ ತಿಂಗಳು ಹಿಡಿಯಿತು. ಎಲ್ಲಕ್ಕಿಂತ ಜಾಸ್ತಿ ಕಾಡಿದ್ದು ಅರ್ಕಾವತ್ತು. ಬಾಯಲ್ಲಿ ಮೊದಲು ಬರುವ ರ ಹಾಳೆಯಲ್ಲಿ ಆಮೇಲೆ ಬರುತ್ತದೆ, ಅವನಿಗೆ ಅದು ಮೋಸ ಅನಿಸುತ್ತಿತ್ತು. ಧಾರಣೆ ಪಟ್ಟಿಯಲ್ಲಿ "ಮಾರ್ಕೆಟ್" ಅಂತ ತಡವರಿಸದೆ ಓದಿದ ದಿನ ಮೇಡಂ ಸ್ಟಾಫ್ ರೂಮಿಗೆ ಬಂದು ಎಲ್ಲರಿಗೂ ಹೇಳಿದರು.

ಇದರ ಜೊತೆಗೆ ಕಲಿಕಾ ನ್ಯೂನತೆ ಇರಬಹುದಾ ಅಂತ ವಿಶೇಷ ಅಗತ್ಯದ ಮಕ್ಕಳಿಗಾಗಿ ಇರುವ ಬಿಐಇಆರ್‌ಟಿ ಶಿಕ್ಷಕರಿಗೆ ತಿಳಿಸಿ ಜಿಲ್ಲಾ ಆಸ್ಪತ್ರೆಗೆ ಕಳಿಸಿದರು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಸೇರಿದೆ, ಪ್ರಮಾಣಪತ್ರ ಇದ್ದರೆ ಹತ್ತನೇ ಪರೀಕ್ಷೆಯಲ್ಲಿ ಹೆಚ್ಚು ಸಮಯದಂಥ ರಿಯಾಯಿತಿ ಸಿಗುತ್ತದೆ. ಕಲಿಕೆ ತಪ್ಪಿಹೋದದ್ದೇ ಮುಖ್ಯ ಕಾರಣ ಇರಬಹುದು, ಒಂದು ವರ್ಷ ಕಲಿಸಿ ಮತ್ತೆ ತೋರಿಸಿ ಅಂದರು ವೈದ್ಯರು.

ಏನಾಯಿತು

ಮಾರ್ಚ್ ಹೊತ್ತಿಗೆ ಹುಡುಗ ಒಂದು ಪ್ಯಾರಾವನ್ನು ನಿಧಾನವಾಗಿ, ಅರ್ಥ ಮಾಡಿಕೊಂಡು ಓದುತ್ತಿದ್ದ. ವರ್ಷದ ಕೊನೆಯ ಪರೀಕ್ಷೆ ಎಸ್‌ಎ-2ರಲ್ಲಿ ಕನ್ನಡ, ಗಣಿತದಲ್ಲಿ ಪಾಸು, ಇಂಗ್ಲಿಷ್‌ನಲ್ಲಿ ಅಂಕ ಇಲ್ಲವೆನ್ನುವಷ್ಟು ಕಡಿಮೆ. ಗಲಾಟೆ ಪೂರ್ತಿ ನಿಂತಿಲ್ಲ. ಫೆಬ್ರವರಿಯಲ್ಲಿ ಆಟದ ಮೈದಾನದಲ್ಲಿ ಒಬ್ಬನ ಮೇಲೆ ಕೈ ಮಾಡಿದ, ಒಂದು ವಾರ ತಂಡದಿಂದ ಹೊರಗಿಟ್ಟರು. ಆ ಶಿಕ್ಷೆಯನ್ನು ಅವನು ತಕರಾರಿಲ್ಲದೆ ಒಪ್ಪಿಕೊಂಡ. ಗಾಯವಾದ ಹುಡುಗನ ತಂದೆಗೆ ಶಾಲೆಯ ಮೇಲೆ ಇನ್ನೂ ಸಮಾಧಾನ ಇಲ್ಲ. ಅತಿಥಿ ಶಿಕ್ಷಕರು ತುಂಬಾ ನೊಂದುಕೊಂಡರು, ಮುಂದಿನ ವರ್ಷ ಬರಲಿಲ್ಲ. ಅವರ ವಿಷಯದಲ್ಲಿ ನನಗೆ ಬೇಸರ ಇದೆ. ಕಡಿಮೆ ಸಂಬಳಕ್ಕೆ ವರ್ಷದ ಮಧ್ಯೆ ಬಂದವರಿಗೆ ಹಾಜರಿ ಪುಸ್ತಕ ಕೊಡುತ್ತೇವೆ, ಅದರಲ್ಲಿರುವ ಮಕ್ಕಳ ಬಗ್ಗೆ ಒಂದು ಮಾತೂ ಹೇಳುವುದಿಲ್ಲ. ಆ ದಿನ ನಡೆದದ್ದಕ್ಕೆ ಅವರನ್ನು ಹೊಣೆ ಮಾಡುವುದು ಅನ್ಯಾಯ.

ಗಣಿತದ ಸರ್ ಅಭಿಪ್ರಾಯ ಬದಲಾಗಿಲ್ಲ. ಹೆಡ್ ಮಾಸ್ಟರ್ ಊಟದ ಬಿಡುವು ಬಿಟ್ಟುಕೊಟ್ಟಿದ್ದರಿಂದ ಇದು ನಡೆಯಿತು, ಎಲ್ಲ ಕಡೆ ಅಂಥವರು ಸಿಗ್ತಾರಾ ಅಂತ ಕೇಳುತ್ತಾರೆ. ಸರಿಯಾದ ಪ್ರಶ್ನೆ. ಒಬ್ಬ ಟೀಚರ್ ಒಳ್ಳೆಯತನದ ಮೇಲೆ ನಿಂತ ವ್ಯವಸ್ಥೆ ಆ ಟೀಚರ್ ರಜೆ ಹಾಕಿದ ದಿನ ಬೀಳುತ್ತದೆ, ನವೆಂಬರ್‌ನಲ್ಲಿ ನಾವು ನೋಡಿದ್ದು ಅದನ್ನೇ. ಹಾಗಾಗಿ ಇದನ್ನು ಒಬ್ಬೊಬ್ಬರ ಮನಸ್ಸಿಗೆ ಬಿಡದೆ ಟೈಮ್ ಟೇಬಲ್‌ನಲ್ಲಿ ಬರೆಯಬೇಕು ಅನ್ನುವುದು ನನ್ನ ವಾದ. ಹಾಗಂತ ಗಣಿತದ ಸರ್ ಏನೂ ಕೈಕಟ್ಟಿ ಕೂತಿಲ್ಲ. ಮಾತಿನ ಲೆಕ್ಕ ಇದ್ದ ದಿನ ಕ್ಲಾಸಿಗೇ ಎರಡು ಸಲ ಗಟ್ಟಿಯಾಗಿ ಓದಿ ಹೇಳುತ್ತಾರೆ, ಆಮೇಲೆ ಬರೆಯಲು ಬಿಡುತ್ತಾರೆ.

ಈಗ ಹುಡುಗ ಒಂಬತ್ತನೇ ಕ್ಲಾಸು. ಮೇಡಂ ಅವನ ಮತ್ತು ಇನ್ನಿಬ್ಬರ ಬಗ್ಗೆ ಒಂದು ಪುಟದ ಟಿಪ್ಪಣಿ ಬರೆದು ಹೊಸ ಕ್ಲಾಸ್ ಟೀಚರ್‌ಗೆ ಕೊಟ್ಟಿದ್ದಾರೆ: ಏನು ಓದಲು ಬರುತ್ತದೆ, ಎಲ್ಲಿ ತಡವರಿಸುತ್ತಾನೆ, ಸಿಟ್ಟು ಬರುವ ಮುಂಚೆ ಏನು ಮಾಡುತ್ತಾನೆ. ಅವನ ಹಳೆಯ ಗಲಾಟೆಗಳ ಪಟ್ಟಿ ಅದರಲ್ಲಿಲ್ಲ, ಬೇಕಂತಲೇ ಬಿಟ್ಟಿದ್ದಾರೆ. ಮಧ್ಯಾಹ್ನದ ಓದು ನಡೀತಿದೆ, ಈಗ ಇಂಗ್ಲಿಷ್ ಅಕ್ಷರಗಳಿಂದ. ಅಡಿಕೆ ಸುಲಿಯುವ ಕಾಲಕ್ಕೆ ಹಾಜರಾತಿ ಬೀಳುವುದಕ್ಕೆ ಮಾತ್ರ ದಾರಿ ಇನ್ನೂ ಸಿಕ್ಕಿಲ್ಲ. ಅಮ್ಮ ಒಬ್ಬರೇ ರಾತ್ರಿ ಹೋಗಲು ಹೆದರುತ್ತಾರೆ, ಅವನನ್ನು ಮನೆಯಲ್ಲಿ ಒಬ್ಬನನ್ನೇ ಬಿಡಲೂ ಹೆದರುತ್ತಾರೆ. ಈ ಸಲ ಕೊಯ್ಲು ಶುರುವಾಗುವ ಮೊದಲೇ ಅವರ ಜೊತೆ ಕೂತು ಮಾತಾಡಬೇಕು ಅಂತ ಹೆಡ್ ಮಾಸ್ಟರ್ ಹೇಳಿದ್ದಾರೆ, ನಾನೂ ಹೋಗುತ್ತೇನೆ.